ಫೇಲಾದ ವಿಷಯ ಬಾಕಿ ಇಟ್ಟುಕೊಂಡು ಕಾಲೇಜು ಬದಲಿಸುವವರ ಗಮನಕ್ಕೆ



ಇಂಟರ್ ಮತ್ತು ಪಿಯುಸಿ ಫಲಿತಾಂಶ ಬಂದ ಮೇಲಿನ ಎರಡು ತಿಂಗಳು ನಮ್ಮ ಸಂಘದ ಕಚೇರಿಗೆ ಬರುವವರಲ್ಲಿ ರಾಜ್ಯೋತ್ಸವದ ವಿಚಾರ ಕೇಳುವವರು ಯಾರೂ ಇರುವುದಿಲ್ಲ. ತಂದೆಯೋ ತಾಯಿಯೋ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಹಿಡಿದುಕೊಂಡು ಒಳಗೆ ಬರುತ್ತಾರೆ. ಮಗ ಅಥವಾ ಮಗಳು ಚಪ್ಪಲಿ ಬಿಡುವ ನೆಪದಲ್ಲಿ ಹೊರಗೇ ನಿಂತಿರುತ್ತಾರೆ. ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ಎರಡು ಸಬ್ಜೆಕ್ಟ್ ಹೋಗಿದೆ, ಆ ಕಾಲೇಜು ಬೇಡ, ಬೇರೆ ಕಾಲೇಜಿಗೆ ಹಾಕಬಹುದೇ?

ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುತ್ತ ಬಂದಿದ್ದೇವೆ. ರಾಯದುರ್ಗ, ಮಡಕಶಿರಾ ಎರಡೂ ಕಡೆಯ ಸದಸ್ಯರಿಗೆ ಒಟ್ಟಿಗೆ ಸಿಗಲಿ ಎಂದು ಈ ಸಲ ಬರೆದು ಹಾಕುತ್ತಿದ್ದೇವೆ.

ಕಾಲೇಜು ಬದಲಿಸಬಹುದು. ಆದರೆ ಕಾಲೇಜು ಬದಲಾದ ಮಾತ್ರಕ್ಕೆ ಬಾಕಿ ವಿಷಯ ಅಳಿಸಿಹೋಗುವುದಿಲ್ಲ. ಹುಡುಗನ ಜೊತೆ ಹೊಸ ಕಡೆಗೆ ಬರುವುದು ಅವನು ಪಾಸಾದದ್ದು ಮಾತ್ರ. ಫೇಲಾದ ವಿಷಯ ಯಾವ ಬೋರ್ಡಿನದೋ, ಯಾವ ವಿಶ್ವವಿದ್ಯಾಲಯದ್ದೋ, ಅಲ್ಲಿಯೇ ಅವನ ಹೆಸರಿನಲ್ಲಿ ಉಳಿದಿರುತ್ತದೆ. ಅಲ್ಲಿಗೇ ಹೋಗಿ ತೀರಿಸಬೇಕು, ಇಲ್ಲವೇ ಅದನ್ನು ಬಿಟ್ಟು ಹೊಸ ಕಡೆ ಮೊದಲಿನಿಂದ ಆರಂಭಿಸಬೇಕು. ಇವೆರಡರಲ್ಲಿ ಯಾವುದು ಎಂದು ತೀರ್ಮಾನ ಆಗುವ ತನಕ ಟಿ.ಸಿ. ತೆಗೆಯಬೇಡಿ. ಓದುವಷ್ಟು ಪುರುಸೊತ್ತು ಇಲ್ಲದವರು ಇದೊಂದು ಮಾತು ನೆನಪಿಟ್ಟುಕೊಂಡರೂ ಸಾಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಅಗಳಿ ಕಡೆಯ ಒಬ್ಬ ರೈತರು ಮಗನನ್ನು ಕರೆದುಕೊಂಡು ಬಂದರು. ಹುಡುಗ ಹತ್ತನೆಯವರೆಗೆ ಕನ್ನಡ ಮಾಧ್ಯಮ. ಆಮೇಲೆ ದೂರದ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಎಂಪಿಸಿ, ಹಾಸ್ಟೆಲ್ಲು, ಪಾಠವೆಲ್ಲ ಇಂಗ್ಲಿಷು. ಮೊದಲ ವರ್ಷ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಹೋಯಿತು. "ಆ ಕಡೆ ಸೆಕೆಂಡ್ ಪಿಯುಸಿಗೆ ಹಾಕ್ಬಿಡೋಣ ಅಂತ ಟಿಸಿ ತಗೊಂಡೇ ಬಂದಿದೀವಿ ಸಾರ್" ಎಂದರು. ಗಡಿಯಾಚೆಯ ಕಾಲೇಜಿನವರು ಮೆಮೊ ನೋಡಿ, ಮೊದಲ ವರ್ಷ ಪಾಸಾಗದೆ ನಮ್ಮಲ್ಲಿ ಎರಡನೆಯ ವರ್ಷಕ್ಕೆ ಆಗುವುದಿಲ್ಲ ಎಂದರು. ಹಳೆಯ ಕಾಲೇಜಿಗೆ ವಾಪಸು ಹೋದರೆ ಅವರು ಆ ಸೀಟು ರದ್ದಾಗಿದೆ ಎಂದರು. ಹುಡುಗ ಆ ವರ್ಷ ಅಡಿಕೆ ತೋಟದಲ್ಲೇ ಕಳೆದ. ಟಿ.ಸಿ. ತೆಗೆಯದೆ ಸುಮ್ಮನಿದ್ದಿದ್ದರೆ ಅವನು ಆಂಧ್ರದಲ್ಲೇ ಎರಡನೆಯ ವರ್ಷಕ್ಕೆ ಕೂತು, ಬಾಕಿ ಎರಡು ವಿಷಯಗಳನ್ನು ಜೊತೆಗೇ ಬರೆದುಕೊಳ್ಳಬಹುದಿತ್ತು.

ನಮ್ಮ ಕಡೆಯವರು ತಪ್ಪುವುದು ಇಲ್ಲಿಯೇ. ಹನ್ನೊಂದು, ಹನ್ನೆರಡು ಎಂದು ಎರಡೂ ರಾಜ್ಯಗಳಲ್ಲಿ ಎರಡೇ ವರ್ಷ. ಹೊರಗಿನಿಂದ ನೋಡಿದರೆ ಒಂದೇ ಥರ, ಒಳಗಿನ ಲೆಕ್ಕ ಬೇರೆ.

ಆಂಧ್ರದ ಇಂಟರ್‌ನಲ್ಲಿ ಮೊದಲ ವರ್ಷವೂ ಬೋರ್ಡಿನ ಪಬ್ಲಿಕ್ ಪರೀಕ್ಷೆ, ಎರಡನೆಯ ವರ್ಷವೂ ಬೋರ್ಡಿನ ಪಬ್ಲಿಕ್ ಪರೀಕ್ಷೆ. ಎರಡೂ ವರ್ಷದ ಅಂಕ ಸೇರಿ ಕೊನೆಯ ಮೆಮೊ ಆಗುತ್ತದೆ. ಹಾಗಾಗಿ ಮೊದಲ ವರ್ಷದಲ್ಲಿ ಒಂದೆರಡು ವಿಷಯ ಹೋದರೂ ಎರಡನೆಯ ವರ್ಷದ ತರಗತಿಗೆ ಕೂರಲು ಅಡ್ಡಿ ಇಲ್ಲ. ಬೇಸಿಗೆಯಲ್ಲೇ ಬರುವ ಅಡ್ವಾನ್ಸ್ಡ್ ಸಪ್ಲಿಮೆಂಟರಿಯಲ್ಲಿ ಬರೆಯಬಹುದು, ಆಗಲೂ ಆಗದಿದ್ದರೆ ಮುಂದಿನ ಸಲ ಎರಡನೆಯ ವರ್ಷದ ಪರೀಕ್ಷೆಯ ಜೊತೆಗೆ ಬರೆಯಬಹುದು.

ಕರ್ನಾಟಕದ ಪಿಯುಸಿಯಲ್ಲಿ ಮೊದಲ ವರ್ಷ ಕಾಲೇಜಿನ ಮಟ್ಟದ ವಾರ್ಷಿಕ ಪರೀಕ್ಷೆ, ಬೋರ್ಡಿನ ಪರೀಕ್ಷೆ ಎರಡನೆಯ ವರ್ಷಕ್ಕೆ ಮಾತ್ರ. ಮೊದಲ ವರ್ಷ ಫೇಲಾದರೆ ಪೂರಕ ಪರೀಕ್ಷೆ ಇದೆ. ಅದರಲ್ಲೂ ಆಗದಿದ್ದರೆ ಮತ್ತೆ ಮೊದಲ ವರ್ಷಕ್ಕೇ ಕೂರಬೇಕು, ಬಾಕಿ ಹೊತ್ತುಕೊಂಡು ಮುಂದಿನ ತರಗತಿಗೆ ಹೋಗುವ ಪದ್ಧತಿ ಅಲ್ಲಿಲ್ಲ. ಎರಡನೆಯ ವರ್ಷದಲ್ಲಿ ಫೇಲಾದವರಿಗೆ ಮಾತ್ರ ಈಗ ಅನುಕೂಲ ಹೆಚ್ಚಿದೆ. 2024ರಿಂದ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಪರೀಕ್ಷೆ 1, ಪರೀಕ್ಷೆ 2 ಎಂದು ಒಂದಕ್ಕಿಂತ ಹೆಚ್ಚು ಅವಕಾಶ ಬಂದಿವೆ.

ಇದರಿಂದ ತಿಳಿಯುವುದೇನೆಂದರೆ, ಇಂಟರ್ ಮೊದಲ ವರ್ಷ ಫೇಲಾದವರು ಗಡಿ ದಾಟಿ ದ್ವಿತೀಯ ಪಿಯುಸಿಗೆ ಹೋಗುವ ದಾರಿ ಇಲ್ಲ. ಮೊದಲ ವರ್ಷದ ಎಲ್ಲ ವಿಷಯ ಪಾಸಾಗಿದ್ದರೆ ಕೇಳಿನೋಡಬಹುದು. ಆಗಲೂ ಅದು ಪ್ರಿನ್ಸಿಪಾಲರ ಕೈಯಲ್ಲಿರುವ ಕೆಲಸವಲ್ಲ. ಬೇರೆ ಬೋರ್ಡಿನಿಂದ ಬಂದವರು ಕರ್ನಾಟಕದ ಪದವಿಪೂರ್ವ ಇಲಾಖೆಯಿಂದ ಅರ್ಹತಾ ಪತ್ರ ಪಡೆಯಬೇಕು, ಗ್ರೂಪಿನ ವಿಷಯಗಳು ಹೊಂದಬೇಕು, ಭಾಷೆಯೂ ಹೊಂದಬೇಕು. "ಸೀಟು ಇದೆ, ಬಂದು ಫೀಸು ಕಟ್ಟಿ" ಎಂದು ಕಾಲೇಜಿನ ಕೌಂಟರಿನಲ್ಲಿ ಹೇಳಿದ ಮಾತು ಅರ್ಹತಾ ಪತ್ರವಲ್ಲ. ಪರೀಕ್ಷೆಯ ಅರ್ಜಿ ಹಾಕುವ ದಿನ ಅದಿಲ್ಲವೆಂದು ಹಾಲ್ ಟಿಕೆಟ್ ನಿಂತರೆ ಆಗ ಕೌಂಟರಿನವರು ಉತ್ತರ ಕೊಡುವುದಿಲ್ಲ.

ಅದರ ತಿರುಗುಮುರುಗು ಪ್ರಕರಣವೂ ಬರುತ್ತದೆ. ಪಾವಗಡ, ಶಿರಾ, ಮಧುಗಿರಿಯಲ್ಲಿ ಪ್ರಥಮ ಪಿಯುಸಿ ಫೇಲಾದ ಮಕ್ಕಳು ಮಡಕಶಿರಾಕ್ಕೋ ಹಿಂದೂಪುರಕ್ಕೋ ಬಂದು ಸೀದಾ ಇಂಟರ್ ಎರಡನೆಯ ವರ್ಷಕ್ಕೆ ಸೇರಬಹುದೇ ಎಂದು ಕೇಳುತ್ತಾರೆ. ಇಲ್ಲಿ ಮೊದಲ ವರ್ಷ ಬೋರ್ಡಿನ ಪರೀಕ್ಷೆ ಎಂದು ಮೇಲೆ ಹೇಳಿದೆವಲ್ಲ, ಆ ಪರೀಕ್ಷೆಯ ಅಂಕ ಅವರ ಬಳಿ ಇರುವುದಿಲ್ಲ. ಅವರಿಗೆ ನೇರವಾದ ದಾರಿ ಎಂದರೆ ಹತ್ತನೆಯ ತರಗತಿಯ ಅಂಕಪಟ್ಟಿಯ ಮೇಲೆ ಇಂಟರ್ ಮೊದಲ ವರ್ಷಕ್ಕೆ ಹೊಸದಾಗಿ ಸೇರುವುದು. ಒಂದು ವರ್ಷ ಹೋಯಿತು ಎಂದು ಬೇಸರವಾಗುತ್ತದೆ, ನಿಜ. ಆದರೆ ಕರ್ನಾಟಕದಲ್ಲೇ ಇದ್ದರೂ ಆ ವರ್ಷ ಮತ್ತೆ ಕೂರಬೇಕಾದದ್ದೇ.

ಇನ್ನು ಕಾಗದಗಳ ವಿಚಾರ. ಗುಮಾಸ್ತಿಕೆ ಮಾಡಿ ನಿವೃತ್ತರಾದವರು ನಾವು, ಇದರಲ್ಲಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಆಂಧ್ರದವರು ಮೆಮೊ ಎಂದರೆ ಕರ್ನಾಟಕದವರಿಗೆ ಅದು ಮಾರ್ಕ್ಸ್ ಕಾರ್ಡು. ಇವರ ಸ್ಟಡಿ ಸರ್ಟಿಫಿಕೇಟು ಅವರಿಗೆ ವ್ಯಾಸಂಗ ಪ್ರಮಾಣಪತ್ರ. ಮೈಗ್ರೇಶನ್ ಎಂಬುದು ಎರಡೂ ಕಡೆ ಒಂದೇ ಹೆಸರು. ಒಂದು ಬೋರ್ಡ್ ಅಥವಾ ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಹಳೆಯವರು ಕೊಡುವ ಬಿಡುಗಡೆ ಪತ್ರ ಅದು. ಟಿ.ಸಿ. ಕೊಡುವುದು ಕಾಲೇಜು, ಮೈಗ್ರೇಶನ್ ಕೊಡುವುದು ಬೋರ್ಡು ಅಥವಾ ವಿಶ್ವವಿದ್ಯಾಲಯ. ಎರಡೂ ಒಂದೇ ಎಂದುಕೊಂಡು ಒಂದನ್ನೇ ತೆಗೆದುಕೊಂಡು ಹೋಗಿ ವಾಪಸು ಬಂದವರು ಬಹಳ ಜನ.

ಟಿ.ಸಿ. ಕೈಗೆ ಬಂದ ತಕ್ಷಣ ಮಡಚಿ ಜೇಬಿಗೆ ಹಾಕಿಕೊಳ್ಳಬೇಡಿ, ಅಲ್ಲೇ ನಿಂತು ಓದಿ. ಬಿಡುವಾಗ ಓದುತ್ತಿದ್ದ ತರಗತಿ ಯಾವುದು, ಮುಂದಿನ ತರಗತಿಗೆ ಅರ್ಹನೇ ಎಂಬ ಕಾಲಮಿನಲ್ಲಿ ಏನು ಬರೆದಿದ್ದಾರೆ, ಹುಟ್ಟಿದ ತಾರೀಖು ಹತ್ತನೆಯ ಮೆಮೊ ಜೊತೆ ಹೊಂದುತ್ತದೆಯೇ ಎಂದು ನೋಡಿ. ಕಾಲಮು ಖಾಲಿ ಇದ್ದರೆ ತುಂಬಿಸಿಕೊಳ್ಳಿ. ಖಾಲಿ ಕಾಲಮು ನೋಡಿದರೆ ಹೊಸ ಕಾಲೇಜಿನ ಗುಮಾಸ್ತನಿಗೆ ಮೊದಲು ಬರುವುದು ಅನುಮಾನವೇ. ನಮಗೂ ಹಾಗೇ ಬರುತ್ತಿತ್ತು.

ಹೆಸರಿನ ತೊಡಕು ಬೇರೆ. ಆಂಧ್ರದ ದಾಖಲೆಗಳಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಕರ್ನಾಟಕದ ಕಡೆ ಸ್ವಂತ ಹೆಸರು ಮೊದಲು, ಇನಿಷಿಯಲ್ ಕೊನೆಗೆ. ಆಧಾರಿನಲ್ಲಿ ಒಂದು, ಮೆಮೊದಲ್ಲಿ ಇನ್ನೊಂದು, ಹೊಸ ಅರ್ಜಿಯಲ್ಲಿ ಮೂರನೆಯದು ಎಂದಾದರೆ ಕಂಪ್ಯೂಟರು ಇವರು ಮೂರು ಜನ ಎಂದು ತಿಳಿಯುತ್ತದೆ. ಹತ್ತನೆಯ ತರಗತಿಯ ಮೆಮೊದಲ್ಲಿ ಹೇಗಿದೆಯೋ ಹಾಗೆಯೇ, ಒಂದು ಅಕ್ಷರವೂ ಹೆಚ್ಚುಕಡಿಮೆ ಆಗದಂತೆ, ಎಲ್ಲ ಕಡೆ ಬರೆಸಿ.

ಟಿ.ಸಿ.ಗಿಂತ ಮೊದಲು ಮಾಡಬೇಕಾದ ಇನ್ನೊಂದು ಕೆಲಸ ಇದೆ. ನಾಲ್ಕೈದು ಅಂಕದಲ್ಲಿ ಹೋಗಿದ್ದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ನೋಡಿ. ಎರಡೂ ಬೋರ್ಡುಗಳಲ್ಲಿ ಇದಕ್ಕೆ ಅವಕಾಶವಿದೆ. ಫಲಿತಾಂಶ ಬಂದ ಮೇಲೆ ಅರ್ಜಿ ಹಾಕಲು ಸಿಗುವ ದಿನಗಳು ಕಡಿಮೆ, ಮನೆಯಲ್ಲಿ ಬೈದು ಅತ್ತು ಮುಗಿಯುವಷ್ಟರಲ್ಲಿ ಆ ದಿನಗಳು ಕಳೆದಿರುತ್ತವೆ. ಸಪ್ಲಿಮೆಂಟರಿಯ ಫೀಸಿನ ತಾರೀಖೂ ಅಷ್ಟೇ, ಫಲಿತಾಂಶದ ಬೆನ್ನಿಗೇ ಬರುತ್ತದೆ. ಫೀಸು ಕಟ್ಟಬೇಕಾದದ್ದು ಓದಿದ ಕಾಲೇಜಿನ ಮೂಲಕವೇ. ಕಾಲೇಜಿನ ಮೇಲೆ ಎಷ್ಟೇ ಸಿಟ್ಟಿದ್ದರೂ ಸಪ್ಲಿಮೆಂಟರಿ ಮುಗಿಯುವ ತನಕ ಅವರ ಜೊತೆ ಜಗಳ ಬೇಡ.

ಕಾಲೇಜಿಗೆ ಹೋಗುವುದೇ ಬೇಡ, ಆದರೆ ಹನ್ನೆರಡನೆಯದು ಮುಗಿಸಬೇಕು ಎನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. 1989ರಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಮಾನ್ಯ ಬೋರ್ಡಿನಲ್ಲಿ ಪಾಸಾದ ವಿಷಯಗಳಲ್ಲಿ ಎರಡರವರೆಗೆ ಅಂಕ ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು, ಉಳಿದ ವಿಷಯ ಬರೆದು ಐದು ವಿಷಯ ಪೂರೈಸಿದರೆ ಸಾಕು. ನೋಂದಣಿಯಾದ ಮೇಲೆ ಐದು ವರ್ಷ, ಒಂಬತ್ತು ಸಲ ಅವಕಾಶ. ಆಂಧ್ರದಲ್ಲಿ ರಾಜ್ಯ ಸರ್ಕಾರದ ಓಪನ್ ಸ್ಕೂಲ್ ಸೊಸೈಟಿಯೂ ಇದೆ. ಆದರೆ ಬಸ್ ನಿಲ್ದಾಣದ ಗೋಡೆಗಳ ಮೇಲೆ "ಫೇಲಾದವರಿಗೆ ಒಂದೇ ತಿಂಗಳಲ್ಲಿ ಪಾಸು" ಎಂದು ಅಂಟಿಸುವ ಚೀಟಿಗಳು ಈ ಎರಡರದ್ದೂ ಅಲ್ಲ. ಓಪನ್ ಬೋರ್ಡ್ ಎಂಬ ಹೆಸರಿಟ್ಟುಕೊಂಡು ಅಂಕಪಟ್ಟಿ ಮಾರುವವರಿದ್ದಾರೆ. ಪೊಲೀಸ್ ಕೆಲಸಕ್ಕೋ ರೈಲ್ವೆಗೋ ಸೇರುವಾಗ ದಾಖಲೆ ಪರಿಶೀಲನೆಯಲ್ಲಿ ಅದು ಸಿಕ್ಕಿಬಿದ್ದರೆ ಫೇಲಾದದ್ದಕ್ಕಿಂತ ದೊಡ್ಡ ಅನಾಹುತ.

ಈಗ ನಮ್ಮ ಕಡೆಯ ಜನಕ್ಕೆ ಯಾರೂ ಹೇಳದ ಒಂದು ವಿಚಾರಕ್ಕೆ ಬರುತ್ತೇವೆ. ಆಂಧ್ರದಲ್ಲಿ ಕಾಲೇಜು ಸೀಟುಗಳಿಗೆ ಸ್ಥಳೀಯ ಅಭ್ಯರ್ಥಿ ಎಂಬ ಲೆಕ್ಕವಿದೆ. ಸಂವಿಧಾನದ 371ಡಿ ವಿಧಿಯ ಕೆಳಗೆ 1974ರಲ್ಲಿ ಬಂದ ರಾಷ್ಟ್ರಪತಿಗಳ ಆದೇಶ ಅದು. ಆಯಾ ವಿಶ್ವವಿದ್ಯಾಲಯ ಪ್ರದೇಶದ ಶೇ. 85 ಸೀಟು ಅಲ್ಲಿನ ಸ್ಥಳೀಯರಿಗೆ. ಅನಂತಪುರದವರಾದ ನಾವು ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಪ್ರದೇಶಕ್ಕೆ ಸೇರಿದವರು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದರೂ ಈ ಲೆಕ್ಕ ಬದಲಾಗಿಲ್ಲ. ಸ್ಥಳೀಯರು ಎನ್ನಿಸಿಕೊಳ್ಳಲು ಅರ್ಹತಾ ಪರೀಕ್ಷೆ ಬರೆದ ವರ್ಷದಿಂದ ಹಿಂದಕ್ಕೆ ಎಣಿಸಿ ಸತತ ನಾಲ್ಕು ವರ್ಷ ಆ ಪ್ರದೇಶದ ಶಾಲೆ ಕಾಲೇಜಿನಲ್ಲೇ ಓದಿರಬೇಕು. ಎಂಜಿನಿಯರಿಂಗಿಗೆ ಎಂದರೆ ಒಂಬತ್ತು, ಹತ್ತು, ಇಂಟರ್ ಎರಡು ವರ್ಷ.

ರೊಳ್ಳ, ಗುಡಿಬಂಡೆ, ಅಮರಾಪುರದಲ್ಲಿ ಹುಟ್ಟಿ ಹತ್ತನೆಯವರೆಗೆ ಅಲ್ಲೇ ಓದಿದ ಹುಡುಗಿ ಪಿಯುಸಿಗೆಂದು ಶಿರಾಕ್ಕೆ ಹೋದರೆ ಈ ನಾಲ್ಕು ವರ್ಷದ ಸರಪಳಿ ಕಡಿಯುತ್ತದೆ. ಮನೆ ಇರುವುದು ಇಲ್ಲೇ, ಪಡಿತರ ಚೀಟಿ ಇಲ್ಲೇ, ಆದರೂ ಸ್ಥಳೀಯಳಲ್ಲ. ಉಳಿದ ಶೇ. 15ರಲ್ಲಿ ಸ್ಪರ್ಧಿಸಬೇಕು. ಅದಕ್ಕೆ ತಂದೆ ಅಥವಾ ತಾಯಿ ರಾಜ್ಯದಲ್ಲಿ ಒಟ್ಟು ಹತ್ತು ವರ್ಷ ವಾಸವಿದ್ದ ದಾಖಲೆ ತೋರಿಸಬೇಕು. ಫೇಲಾದ ಸಿಟ್ಟಿನಲ್ಲಿ ಗಡಿ ದಾಟಿಸುವ ತಂದೆತಾಯಿಗಳಿಗೆ ಇದು ತಿಳಿಯುವುದು ಎರಡು ವರ್ಷ ಕಳೆದು ಕೌನ್ಸೆಲಿಂಗಿನಲ್ಲಿ. ಅದೇ ಹುಡುಗಿ ಒಂದು ವರ್ಷ ಯಾವ ಕಾಲೇಜಿಗೂ ಹೋಗದೆ ಮನೆಯಲ್ಲೇ ಕೂತು ಸಪ್ಲಿಮೆಂಟರಿ ಬರೆದಿದ್ದರೆ, ಓದದೆ ಇದ್ದ ಆ ಅವಧಿಗೆ ವಾಸದ ಆಧಾರದ ಮೇಲೆ ಸ್ಥಳೀಯಳೆಂದು ಕೇಳಲು ಆ ಆದೇಶದಲ್ಲೇ ಜಾಗವಿದೆ. ತಹಸೀಲ್ದಾರರ ವಾಸಸ್ಥಳ ಪ್ರಮಾಣಪತ್ರ ಅದಕ್ಕೇ ಬೇಕಾಗುವುದು.

ಹಾಗೆಂದು ಕರ್ನಾಟಕದ ಕಡೆ ಬಾಗಿಲು ಮುಚ್ಚಿದೆ ಎಂದಲ್ಲ. ಅಲ್ಲಿನ ಸಿಇಟಿಯಲ್ಲಿ ಹೊರನಾಡು ಕನ್ನಡಿಗ, ಗಡಿನಾಡು ಕನ್ನಡಿಗ ಎಂಬ ವರ್ಗಗಳಿವೆ, ಅವರಿಗೆ ಕನ್ನಡ ಭಾಷಾ ಪರೀಕ್ಷೆಯೂ ಪ್ರತ್ಯೇಕವಾಗಿ ನಡೆಯುತ್ತದೆ. ಆ ವರ್ಷದ ಕೈಪಿಡಿಯಲ್ಲಿ ನಮ್ಮ ತಾಲೂಕುಗಳಿಗೆ ಯಾವ ಕಲಮು ಅನ್ವಯಿಸುತ್ತದೆ ಎಂಬುದನ್ನು ಓದಿಯೇ ಅರ್ಜಿ ತುಂಬಬೇಕು, ಪಕ್ಕದ ಮನೆಯವರು ತುಂಬಿದ್ದು ನೋಡಿಕೊಂಡು ತುಂಬಬಾರದು.

ಹಣದ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಆಂಧ್ರದ ಶುಲ್ಕ ಮರುಪಾವತಿ ಆಂಧ್ರದ ಕಾಲೇಜುಗಳಲ್ಲಿ ಓದುವವರಿಗಾಗಿ ಮಾಡಿದ ಯೋಜನೆ. ಕರ್ನಾಟಕದ ಎಸ್‌ಎಸ್‌ಪಿ ವಿದ್ಯಾರ್ಥಿವೇತನ ಕರ್ನಾಟಕದ ನಿವಾಸಿಗಳಿಗಾಗಿ ಇರುವುದು. ನಮ್ಮ ಮಕ್ಕಳು ಗಡಿ ದಾಟಿದರೆ ಎರಡರ ನಡುವೆ ಬೀಳುವ ಸಂಭವವೇ ಹೆಚ್ಚು. ಬಸ್ಸು, ರೂಮು, ಮೆಸ್ಸು ಸೇರಿಸಿ ಪೂರ್ತಿ ಖರ್ಚು ಕೈಯಿಂದಲೇ ಎಂದು ಲೆಕ್ಕ ಹಾಕಿಕೊಂಡು ಹೊರಡಿ.

1953ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ, ಆಲೂರು, ಆದೋನಿ ತಾಲೂಕುಗಳು ಆಂಧ್ರಕ್ಕೆ ಬಂದವು. ಓದಿಗೆ, ಆಸ್ಪತ್ರೆಗೆ, ಮದುವೆ ಜವಳಿಗೆ ರಾಯದುರ್ಗದವರು ಇವತ್ತಿಗೂ ಬಳ್ಳಾರಿಗೇ ಹೋಗುವುದು. ಡಿಗ್ರಿ ಓದುವವರ ಪ್ರಶ್ನೆ ಹೆಚ್ಚಾಗಿ ಬರುವುದೂ ಆ ಕಡೆಯಿಂದಲೇ.

ಡಿಗ್ರಿಯಲ್ಲಿ ಮೊದಲು ನೋಡಬೇಕಾದದ್ದು ಎರಡು ಕಾಲೇಜುಗಳೂ ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿವೆಯೇ ಎಂಬುದು. ರಾಯದುರ್ಗ, ಮಡಕಶಿರಾ, ಹಿಂದೂಪುರದ ಡಿಗ್ರಿ ಕಾಲೇಜುಗಳು ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ. ಬಳ್ಳಾರಿಯವು 2010ರಲ್ಲಿ ಆದ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ. ಪಾವಗಡ, ಶಿರಾ, ಮಧುಗಿರಿಯವು ತುಮಕೂರು ವಿಶ್ವವಿದ್ಯಾಲಯಕ್ಕೆ, ಮೊಳಕಾಲ್ಮೂರು, ಚಳ್ಳಕೆರೆಯವು ದಾವಣಗೆರೆಗೆ. ಕೃಷ್ಣದೇವರಾಯರ ಹೆಸರು ಎರಡು ಕಡೆ ಇರುವುದು ನಮಗೆ ಹೆಮ್ಮೆಯೇ, ಆದರೆ ಎರಡೂ ಬೇರೆ ಬೇರೆ. "ಅದೂ ಕೃಷ್ಣದೇವರಾಯ, ಇದೂ ಕೃಷ್ಣದೇವರಾಯ, ಒಂದೇ ಯೂನಿವರ್ಸಿಟಿ ಅಲ್ಲೇನ್ರಿ ಸರ್" ಎಂದು ಡಿ. ಹಿರೇಹಾಳಿನ ಕಡೆಯ ಒಬ್ಬ ತಾಯಿ ಕೇಳಿದ್ದರು. ನಕ್ಕುಬಿಡುವ ಮಾತಲ್ಲ ಅದು. ಅವರ ಮಗಳು ಒಂದು ಕಡೆಗೆ ಹೋಗಬೇಕಾದ ಅರ್ಜಿಯನ್ನು ಇನ್ನೊಂದು ಕಡೆಗೆ ಕಳಿಸಿ ಫೀಸಿನ ತಾರೀಖು ಕಳೆದುಕೊಂಡಿದ್ದಳು.

ಒಂದೇ ವಿಶ್ವವಿದ್ಯಾಲಯದೊಳಗೆ ಬದಲಿಸುವುದು ಹೆಚ್ಚು ಕಷ್ಟವಿಲ್ಲ. ಹೊಸ ವರ್ಷದ ಸೆಮಿಸ್ಟರ್ ಆರಂಭದಲ್ಲಿ ಎರಡೂ ಪ್ರಿನ್ಸಿಪಾಲರ ನಿರಾಕ್ಷೇಪಣಾ ಪತ್ರ, ವಿಶ್ವವಿದ್ಯಾಲಯದ ಒಪ್ಪಿಗೆ ಬೇಕು. ಹೊಸ ಕಾಲೇಜಿನಲ್ಲಿ ಅದೇ ಕಾಂಬಿನೇಶನ್ ಇರಬೇಕು, ಸೀಟು ಖಾಲಿ ಇರಬೇಕು. ನೋಂದಣಿ ಸಂಖ್ಯೆಯೂ ಬಾಕಿ ಪೇಪರುಗಳೂ ಹಾಗೆಯೇ ಮುಂದುವರಿಯುತ್ತವೆ. ಸ್ವಾಯತ್ತ ಕಾಲೇಜುಗಳು ಮಾತ್ರ ಬೇರೆ. ಅವುಗಳ ಪಠ್ಯ, ಪರೀಕ್ಷೆ ಅವುಗಳದ್ದೇ ಆದ್ದರಿಂದ ವಿಶ್ವವಿದ್ಯಾಲಯ ಒಂದೇ ಆದರೂ ಪೇಪರು ಹೊಂದದೆ ಹೋಗಬಹುದು.

ವಿಶ್ವವಿದ್ಯಾಲಯವೇ ಬೇರೆ ಆದರೆ ಪ್ರತಿ ಪೇಪರನ್ನೂ ಎದುರುಬದುರು ಇಟ್ಟು ಸಮಾನ ಹೌದೋ ಅಲ್ಲವೋ ನೋಡುತ್ತಾರೆ. ಹೊಂದದ ಪೇಪರುಗಳನ್ನು ಹೊಸದಾಗಿ ಬರೆಯಬೇಕು. ಫೇಲಾದ ಪೇಪರಿಗೆ ಸಮಾನತೆಯ ಪ್ರಶ್ನೆಯೇ ಬರುವುದಿಲ್ಲ. ಆಂಧ್ರದವರು 2020ರಲ್ಲಿ, ಮತ್ತೆ 2023ರಲ್ಲಿ ಡಿಗ್ರಿಯ ಚೌಕಟ್ಟು ಬದಲಿಸಿದರು. ಕರ್ನಾಟಕದವರು 2021ರಲ್ಲಿ ಹೊಸ ಶಿಕ್ಷಣ ನೀತಿಗೆ ಹೋಗಿ, 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದರು. ಹೀಗಿರುವಾಗ ಎರಡು ಕಡೆಯ ಪೇಪರುಗಳು ಹೊಂದುವುದು ಅಪರೂಪ.

ಯುಜಿಸಿಯವರು 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬುದನ್ನು ತಂದಿದ್ದಾರೆ. ಮಕ್ಕಳು ಅಪಾರ್ ಐಡಿ ಎಂದು ಹನ್ನೆರಡು ಅಂಕಿಯ ಸಂಖ್ಯೆ ಹೇಳುತ್ತಾರಲ್ಲ, ಅದರ ಜೊತೆ ಸೇರಿದ ಖಾತೆ. ಬ್ಯಾಂಕಿನಲ್ಲಿ ಹಣ ಇದ್ದಂತೆ ಇಲ್ಲಿ ಕ್ರೆಡಿಟ್ ಇರುತ್ತದೆ, ಸಾಮಾನ್ಯವಾಗಿ ಏಳು ವರ್ಷ ಚಾಲ್ತಿ. ಇದರಿಂದ ಕಾಲೇಜು ಬದಲಿಸುವುದು ಸುಲಭವಾಯಿತು ಎಂದು ಮಕ್ಕಳು ಹೇಳುತ್ತಾರೆ. ಒಂದು ಮಟ್ಟಿಗೆ ಸರಿ. ಆದರೆ ಆ ಖಾತೆಗೆ ಜಮೆ ಆಗುವುದು ಪಾಸಾದ ಪೇಪರಿನ ಕ್ರೆಡಿಟ್ ಮಾತ್ರ. ಇರುವ ಕ್ರೆಡಿಟ್ ಒಪ್ಪುವುದು ಬಿಡುವುದು ಸೇರಿಸಿಕೊಳ್ಳುವ ಸಂಸ್ಥೆಗೆ ಬಿಟ್ಟದ್ದು. ಡಿಜಿಲಾಕರ್ ತೆರೆದು ಎಷ್ಟು ಕ್ರೆಡಿಟ್ ನಿಜವಾಗಿ ಜಮೆಯಾಗಿದೆ ನೋಡಿಕೊಂಡು ಮಾತಾಡಿ. ಪಾಸಾದದ್ದೂ ಕಾಲೇಜಿನವರು ಏರಿಸದೆ ಬಿಟ್ಟ ಪ್ರಕರಣ ನಾವು ಕಂಡಿದ್ದೇವೆ.

ಹೀಗಾಗಿ ಮೊದಲ ವರ್ಷದಲ್ಲೇ ನಾಲ್ಕೈದು ಪೇಪರು ಹೋಗಿ ಓದುವ ವಿಷಯವೇ ಒಗ್ಗಲಿಲ್ಲ ಎನ್ನುವವರಿಗೆ ನಮ್ಮ ಸಲಹೆ ವರ್ಗಾವಣೆಯ ಗೋಜು ಬೇಡ ಎಂಬುದು. ಇಂಟರ್ ಅಥವಾ ಪಿಯುಸಿ ಪಾಸಾದ ಅಂಕಪಟ್ಟಿ ಇದೆಯಲ್ಲ, ಅದರ ಮೇಲೆ ಬೇರೆ ಕಾಲೇಜಿನಲ್ಲಿ, ಬೇರೆ ವಿಷಯ ಹಿಡಿದು, ಹೊಸ ವಿದ್ಯಾರ್ಥಿಯಾಗಿ ಸೇರುವುದು. ಆಗ ಹಳೆಯ ಬಾಕಿ ಅಡ್ಡ ಬರುವುದಿಲ್ಲ. ಹಳೆಯ ಕಾಲೇಜಿನ ಪ್ರವೇಶ ರದ್ದುಮಾಡಿಸಿ ಟಿ.ಸಿ. ತಂದಿರಬೇಕು, ರಾಜ್ಯ ಬೇರೆಯಾದರೆ ಮೈಗ್ರೇಶನ್, ಅರ್ಹತಾ ಪತ್ರ ಬೇಕು. ಹಿಂದೆ ಓದಿದ್ದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಕೊನೆಯ ವರ್ಷಕ್ಕೆ ಬಂದು ಮೂರು ಪೇಪರು ಮಾತ್ರ ಉಳಿದವರಿಗೆ ಇದಕ್ಕೆ ತದ್ವಿರುದ್ಧ ಹೇಳುತ್ತೇವೆ: ಕಾಲೇಜು ಹೇಗೇ ಇರಲಿ, ಅಲ್ಲೇ ಇದ್ದು ಮುಗಿಸಿ. ಮಧ್ಯದಲ್ಲಿರುವವರು, ಎಂದರೆ ಎರಡನೆಯ ವರ್ಷದವರು, ಕಾಗದ ತೆಗೆದುಕೊಂಡು ಬನ್ನಿ, ಕೂತು ಲೆಕ್ಕ ಹಾಕೋಣ.

ಎಂಜಿನಿಯರಿಂಗಿನವರಿಗೆ ಎರಡೇ ಮಾತು. ಅನಂತಪುರದ ಜೆಎನ್‌ಟಿಯುವಿನಿಂದ ಬೆಳಗಾವಿಯ ವಿಟಿಯುಗೆ ಬಾಕಿ ಸಹಿತ ನಡುವಿನಲ್ಲಿ ಹೋದವರನ್ನು ನಾವು ಕಂಡಿಲ್ಲ. ಜೆಎನ್‌ಟಿಯುವಿನಲ್ಲಿ ಒಂದು ವರ್ಷ ಹಿಂದೆ ಬಿದ್ದವರು ಕಿರಿಯರ ಬ್ಯಾಚಿಗೆ ಸೇರುವಾಗ ರೆಗ್ಯುಲೇಶನ್ ಬದಲಾಗಿದ್ದರೆ, ಉದಾಹರಣೆಗೆ ಆರ್20 ಇದ್ದವರು ಆರ್23ಕ್ಕೆ ಬಿದ್ದರೆ, ಯಾವ ಪೇಪರಿಗೆ ಯಾವುದು ಬದಲಿ ಎಂಬ ಪಟ್ಟಿಯನ್ನು ಲಿಖಿತವಾಗಿ ಪಡೆಯಿರಿ.

ಇನ್ನು ಅತಿ ಹೆಚ್ಚು ಕಣ್ಣೀರು ಬರುವ ವಿಚಾರ: ಒರಿಜಿನಲ್ ಸರ್ಟಿಫಿಕೇಟುಗಳು. ಫೀಸು ಪೂರ್ತಿ ಕಟ್ಟುವ ತನಕ ಕೊಡುವುದಿಲ್ಲ, ಮರುಪಾವತಿ ಹಣ ಸರ್ಕಾರದಿಂದ ಬರಲಿಲ್ಲ, ಉಳಿದ ಎರಡು ವರ್ಷದ ಫೀಸೂ ಕಟ್ಟಿ ಎನ್ನುವ ಕಾಲೇಜುಗಳಿವೆ. ಡಿಗ್ರಿ ಮತ್ತು ಅದಕ್ಕೂ ಮೇಲಿನ ಓದಿನ ಮಟ್ಟಿಗೆ ಯುಜಿಸಿ 2018ರ ಅಕ್ಟೋಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಪ್ರವೇಶದ ವೇಳೆ ಒರಿಜಿನಲ್ ನೋಡಿ ವಾಪಸು ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಆ ಸೆಮಿಸ್ಟರಿನ ಅಥವಾ ಆ ವರ್ಷದ ಫೀಸು ಬಿಟ್ಟು ಪೂರ್ತಿ ಕೋರ್ಸಿನದ್ದು ಮುಂಗಡ ಕೇಳುವಂತಿಲ್ಲ.

ಸೇರಿದ ವರ್ಷವೇ ಬಿಡುವವರಿಗೆ ಫೀಸು ವಾಪಸಿನ ಪ್ರಮಾಣವೂ ಅದರಲ್ಲೇ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲು ಬಿಟ್ಟರೆ ಪೂರ್ತಿ ಫೀಸು, ಅದರಲ್ಲಿ ಶೇ. 5ರಷ್ಟು, ಹೆಚ್ಚೆಂದರೆ 5,000 ರೂಪಾಯಿ ಹಿಡಿಯಬಹುದು. 15 ದಿನಕ್ಕಿಂತ ಒಳಗೆ ಆದರೆ ಶೇ. 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, ಆಮೇಲಿನಿಂದ 30 ದಿನದವರೆಗೆ ಶೇ. 50, ಅದಾದ ಮೇಲೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ತಾರೀಖು ಕೊಟ್ಟದ್ದೂ ಉಂಟು. ಜೂನಿಯರ್ ಕಾಲೇಜುಗಳಿಗೆ ಈ ಆದೇಶ ತಾಗುವುದಿಲ್ಲ, ಅಲ್ಲಿ ಜಿಲ್ಲೆಯ ಇಂಟರ್ ಅಧಿಕಾರಿಗಳ ಬಳಿಗೇ ಹೋಗಬೇಕು.

ಕೇಳುವುದಾದರೆ ಬಾಯಿಮಾತಿನಲ್ಲಿ ಕೇಳಬೇಡಿ. ಒಂದು ಅರ್ಜಿ ಬರೆದು, ಎರಡು ಪ್ರತಿ ಮಾಡಿ, ಒಂದಕ್ಕೆ ಕಾಲೇಜಿನ ಮೊಹರು, ತಾರೀಖು ಹಾಕಿಸಿಕೊಂಡು ಬನ್ನಿ. ಮೊಹರು ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕೂಗಾಡಿ ಬಂದವರಿಗಿಂತ ಮೊಹರು ಬಿದ್ದ ಪ್ರತಿ ಇಟ್ಟುಕೊಂಡವರ ಕೆಲಸ ಬೇಗ ಆದದ್ದನ್ನು ನಮ್ಮ ಸೇವಾವಧಿಯುದ್ದಕ್ಕೂ ನೋಡಿದ್ದೇವೆ.

ಕೊನೆಗೆ ತಂದೆತಾಯಿಗಳಿಗೆ ಒಂದು ಕೋರಿಕೆ. ಕಾಲೇಜು ಯಾಕೆ ಬೇಡ ಎಂದು ಮಗುವನ್ನು ಒಂದು ಸಲ ಬಾಗಿಲ ಒಳಗೆ ಕರೆದು ಕೇಳಿ. ಕನ್ನಡ ಮಾಧ್ಯಮದಲ್ಲಿ ತೊಂಬತ್ತರ ಮೇಲೆ ತೆಗೆದ ಹುಡುಗಿ ಮೊದಲ ಆರು ತಿಂಗಳು ಪಾಠವೇ ಅರ್ಥವಾಗದೆ ಕೂತಿದ್ದಳು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅಂಥವಳಿಗೆ ಬೇಕಾದದ್ದು ಭೌತಶಾಸ್ತ್ರ ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬ ಮೇಷ್ಟ್ರು, ಕಾಲೇಜು ಅದೇ ಆದರೂ ನಡೆದೀತು. ಇನ್ನು ಕೆಲವರು ಹಾಸ್ಟೆಲ್ಲಿನಲ್ಲಿ ಏನೋ ಆಗಿ ಅಲ್ಲಿಗೆ ಹೋಗಲು ಹೆದರುತ್ತಾರೆ. ಅಲ್ಲಿ ಸಪ್ಲಿಮೆಂಟರಿಯ ಲೆಕ್ಕ ನೋಡುತ್ತ ಕೂರಬಾರದು, ಕರೆದುಕೊಂಡು ಬರಬೇಕು. ವರ್ಷ ಹೋದರೆ ಹೋಗಲಿ. ನಾವೂ ಇಂಟರ್‌ನಲ್ಲಿ ಗಣಿತ ಕಳೆದುಕೊಂಡು ಸೆಪ್ಟೆಂಬರಿನಲ್ಲಿ ಬರೆದು ಪಾಸಾದವರೇ. ಆಗ ನಮ್ಮ ತಂದೆ ಬೈಯಲಿಲ್ಲ, ಕಡಲೆಕಾಯಿ ಕೀಳಲು ಕರೆದುಕೊಂಡು ಹೋದರು. ಎರಡು ವಾರದಲ್ಲಿ ನಾವೇ ಪುಸ್ತಕ ಹುಡುಕಿಕೊಂಡೆವು.

ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸಂಘದ ಕಚೇರಿಯಲ್ಲಿ ಇದೇ ವಿಚಾರಕ್ಕೆ ಕೂರುತ್ತೇವೆ, ನಿವೃತ್ತ ಉಪನ್ಯಾಸಕರಿಬ್ಬರು ಬರಲು ಒಪ್ಪಿದ್ದಾರೆ. ಹತ್ತನೆಯ ಮೆಮೊ, ಈಚಿನ ಎಲ್ಲ ಅಂಕಪಟ್ಟಿಗಳು (ಫೇಲಾದದ್ದೂ ಸೇರಿ), ಹಾಲ್ ಟಿಕೆಟ್, ಫೀಸು ಕಟ್ಟಿದ ರಸೀದಿ, ಆಧಾರ್ ಇವುಗಳ ಜೆರಾಕ್ಸ್ ತನ್ನಿ. ಒರಿಜಿನಲ್ ಬೇಡ. ಟಿ.ಸಿ. ಇನ್ನೂ ತೆಗೆದಿಲ್ಲವಾದರೆ ಹಾಗೆಯೇ ಬನ್ನಿ. ಮಗುವನ್ನು ಜೊತೆಗೆ ಕರೆತನ್ನಿ, ಅವರಿಗೂ ಕುರ್ಚಿ ಹಾಕಿರುತ್ತೇವೆ.

ಕಾರ್ಯದರ್ಶಿ